ಹಾರ್ಟ್ ಅಟ್ಯಾಕ್ ಆದವರ ಪಥ್ಯ, ವ್ಯಾಯಾಮ: ಅವರಿಷ್ಟಕ್ಕೆ ಎಷ್ಟು ಬಿಡಬಹುದು?

ಕಡಲಕರೆ: ಕಾಪು ಕಡೆಯ ರೋಗಿ, ವಯಸ್ಸು 58. ಸ್ಟೆಂಟ್ ಹಾಕಿ ಮೂರು ವಾರ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಇ.ಎಫ್., ಅಂದರೆ ಹೃದಯ ರಕ್ತ ಪಂಪ್ ಮಾಡುವ ಪ್ರಮಾಣ, ಶೇ. 50, ಈಗ ಎದೆನೋವಿಲ್ಲ. ವಾಕಿಂಗಿಗೆ ತಯಾರಿದ್ದಾರೆ. ಆದರೆ ವ್ಯಾಯಾಮಕ್ಕೆಂದು ವಾರಕ್ಕೆ ಮೂರು ಸಲ ಬಸ್ಸು ಹತ್ತಿ ಮಣಿಪಾಲದ ಆಸ್ಪತ್ರೆಗೆ ಹೋಗುವುದಿಲ್ಲ, ಗಂಜಿ-ಮೀನು ಬಿಡುವುದಿಲ್ಲ, ಬೀಡಿ ‘ಕಮ್ಮಿ ಮಾಡ್ತೇನೆ’ ಎನ್ನುತ್ತಾರೆ. ಯಾವುದಕ್ಕೆ ಪಟ್ಟು ಹಿಡಿಯುವುದು?

ಗುಡ್ಡೆಮನೆ: ಡಾಕ್ಟರು ಒಪ್ಪಿದರೆ ವ್ಯಾಯಾಮ ಮನೆಯಲ್ಲೇ ಸಾಕು. ಅಪಾಯ ಕಡಿಮೆ ಇರುವವರಿಗೆ ಅದರ ಫಲ ಆಸ್ಪತ್ರೆಯದ್ದಕ್ಕೆ ಹೆಚ್ಚುಕಮ್ಮಿ ಸಮ. ಸಮತಟ್ಟು ದಾರಿಯಲ್ಲಿ 10 ನಿಮಿಷ, ದಿನಕ್ಕೆರಡು ಸಲ. ಎರಡು-ಮೂರು ದಿನಕ್ಕೊಮ್ಮೆ 2 ನಿಮಿಷ ಏರಿಸುತ್ತಾ 30ಕ್ಕೆ ತನ್ನಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು; ವೇಗ ಅಷ್ಟೇ. ಮೆಟೊಪ್ರೊಲಾಲ್ (ಹೃದಯ ಬಡಿತ ತಗ್ಗಿಸುವ ಮಾತ್ರೆ) ನುಂಗುವವರ ನಾಡಿ ಅಷ್ಟಾಗಿ ಏರುವುದಿಲ್ಲ, ವಾಚಿನ ಲೆಕ್ಕ ನಂಬಬೇಡಿ. ಮನೆ ಗುಡ್ಡೆ ಮೇಲಿದ್ದರೆ ಇನ್ನೊಂದು ತೊಂದರೆ: ಹೋಗುವಾಗ ಇಳಿಜಾರು, ದಣಿದ ಮೇಲೆ ಏರು, ಅಷ್ಟೊತ್ತಿಗೆ ಸೆಕೆಯೂ ಶುರು. ಮೊದಲ ವಾರಗಳಲ್ಲಿ ಅಂಗಳದಲ್ಲೇ ಸುತ್ತು ಹಾಕಲಿ, ಬೆಳಿಗ್ಗೆ 7ರೊಳಗೆ. ಎದೆ ಹಿಡಿದರೆ ಅಲ್ಲೇ ಕೂತು, ಡಾಕ್ಟರು ಕೊಟ್ಟ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆಯಡಿ ಇಟ್ಟುಕೊಳ್ಳಲಿ. 5 ನಿಮಿಷದಲ್ಲಿ ಇಳಿಯದಿದ್ದರೆ 108.

ಪುಳಿಮುಂಚಿ: ಮೀನು ಬಿಡಿಸುವುದು ಯಾಕೆ ಮಾರಾಯ್ರೇ? ಬಂಗುಡೆ, ಬೂತಾಯಿ ವಾರಕ್ಕೆರಡು ಸಲ ತಿನ್ನಲಿ. ತೆಂಗು ಅರೆದ ಗಸಿಗಿಂತ ಹುಳಿ-ಮೆಣಸಿನ ಪುಳಿಮುಂಚಿ ವಾಸಿ, ಫ್ರೈ ಬೇಡ. ಗಂಜಿಯೂ ಇರಲಿ, ಕೆಟ್ಟದ್ದು ಅದರ ಪಕ್ಕದಲ್ಲಿರುವುದು: ಒಣಮೀನು, ಮಿಡಿ ಉಪ್ಪಿನಕಾಯಿ, ಹಪ್ಪಳ. ಎಲ್ಲಾ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಮಟ್ಟಸ ಒಂದು ಟೀ ಚಮಚ. ನಾಲ್ವರ ಮನೆಯಾದರೆ ಒಂದು ಚಮಚದಷ್ಟು ಉಪ್ಪಿನಕಾಯಿ, ಹೊರಗಿನ ತಿಂಡಿಯ ಲೆಕ್ಕಕ್ಕೆ ಬಿಟ್ಟು, ಬೆಳಿಗ್ಗೆಯೇ 3 ಚಮಚ ಬೇರೆ ತೆಗೆದಿಟ್ಟು ದಿನದ ಅಡುಗೆಯೆಲ್ಲ ಅದರಲ್ಲೇ ಮುಗಿಸಿ. ಸೈಂಧವ ಲವಣವೂ ಸೋಡಿಯಂ ಉಪ್ಪೇ. ‘ಲೋ ಸೋಡಿಯಂ’ ಪ್ಯಾಕೆಟಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ರಾಮಿಪ್ರಿಲ್ (ಬಿ.ಪಿ., ಹೃದಯದ ಮಾತ್ರೆ) ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರ ರಕ್ತದಲ್ಲಿ ಅದು ಏರಬಹುದು, ಹಾಗಾಗಿ ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಉಪ್ಪುನೀರು: ಪಟ್ಟು ಹಿಡಿಯಬೇಕಾದ್ದು ಎರಡಕ್ಕೆ, ಬೀಡಿ ಮತ್ತು ಮಾತ್ರೆ. ದಿನಕ್ಕೆ ಎರಡೇ ಬೀಡಿ ಸೇದಿದರೂ ಹೃದಯಕ್ಕೆ ಪೆಟ್ಟೇ, ಕಮ್ಮಿ ಮಾಡಿದ್ದು ಲೆಕ್ಕಕ್ಕಿಲ್ಲ. ಹೇಗೆ ಬಿಡುವುದು ಎಂಬುದನ್ನು ಅವರೇ ಆರಿಸಲಿ. ನಿಕೋಟಿನ್ ಗಮ್ ಆದರೆ ಡಾಕ್ಟರನ್ನು ಕೇಳಿ ಶುರು ಮಾಡಿ. ಹೆಚ್ಚಿನವರು ಅದನ್ನು ಬಬಲ್‌ಗಮ್ಮಿನ ಹಾಗೆ ಜಗಿದು, ಬಿಕ್ಕಳಿಕೆ, ಹೊಟ್ಟೆಯುರಿ ಎಂದು ಎಸೆಯುತ್ತಾರೆ. ನಾಲ್ಕಾರು ಸಲ ಜಗಿದು ಖಾರ ಹತ್ತಿದ ಕೂಡಲೇ ಕೆನ್ನೆ-ವಸಡಿನ ನಡುವೆ ಒತ್ತಿಡಬೇಕು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ 15 ನಿಮಿಷ ಮೊದಲು ಕಾಫಿ ಕುಡಿದರೆ ನಿಕೋಟಿನ್ ಸರಿಯಾಗಿ ಹೀರುವುದಿಲ್ಲ.

ಇನ್ನು ಮಾತ್ರೆ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೋಡಿ ಸಾಮಾನ್ಯವಾಗಿ 12 ತಿಂಗಳು. ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರಿಗೆ ಫೋನ್ ಮಾಡದೆ ಒಂದು ದಿನವೂ ತಪ್ಪಿಸಬೇಡಿ.