ಓಬವ್ವನ ಎಂಟಡಿ ಪ್ರತಿಮೆ: ಎತ್ತಿದ ಒನಕೆಗೆ ಆಧಾರ ಎಲ್ಲಿಂದ?

ಕಿಂಡಿ_ನೋಟ:
ಊರಿನ ಸರ್ಕಲ್‌ನಲ್ಲಿ ಒನಕೆ ಓಬವ್ವನ 8 ಅಡಿ ಪ್ರತಿಮೆ ನಿಲ್ಲಿಸುವ ಮಾತು ನಡೆದಿದೆ. ಎರಡೂ ಕೈಯಲ್ಲಿ ಒನಕೆ ತಲೆಮೇಲೆ ಎತ್ತಿದ ಭಂಗಿ. ಫೈಬರ್ ಸಾಕೋ, ಕಂಚೇ ಬೇಕೋ? ಮಣಿಕಟ್ಟು ಬಿರುಕು ಬಿಡದಂತೆ ಒಳಗೆ ಏನು ಕೊಡಿಸಬೇಕು? ಫಲಕದಲ್ಲಿ ಯಾವ ಇಸವಿ ಹಾಕುವುದು?

ಎರಕದ_ಮನೆ:
ಫೈಬರ್ರೋ ಕಂಚೋ ಆಮೇಲೆ, ಮೊದಲು ಭಂಗಿ. 8 ಅಡಿ ಆಳಿಗೆ ಒನಕೆ ಏಳೂವರೆ ಅಡಿ ಉದ್ದ, 4 ಇಂಚು ದಪ್ಪ ಬರುತ್ತೆ. ಕಂಚಿನಲ್ಲಿ ಗಟ್ಟಿಯಾಗಿ ಎರೆದರೆ ಒನಕೆಯೊಂದೇ 160 ಕೆ.ಜಿ. ಒಳಗೆ ಟೊಳ್ಳು ಬಿಟ್ಟು 5 ಮಿ.ಮೀ. ಗೋಡೆ ಇಟ್ಟರೆ ಸುಮಾರು 30 ಕೆ.ಜಿ. ಮೈಯೆಲ್ಲ 6 ಮಿ.ಮೀ. ಹಿಡಿದರೂ ಇಡೀ ಪ್ರತಿಮೆ 250–300 ಕೆ.ಜಿ. ಆದೀತು ಅಷ್ಟೆ, ಅಂದಮೇಲೆ 160 ಕೆ.ಜಿ.ಯನ್ನು ಮಣಿಕಟ್ಟಿನ ಮೇಲೆ ಹೇರುವುದು ಮೂರ್ಖತನ.

ಒನಕೆಯೊಳಗಿಂದ ಅಂಗೈ, ತೋಳು, ಬೆನ್ನು ಹಾದು ಪೀಠದ ಕಾಂಕ್ರೀಟ್‌ವರೆಗೆ ಸ್ಟೇನ್‌ಲೆಸ್ ಸ್ಟೀಲ್ ಸರಳು ಒಂದೇ ಬೆಸುಗೆಯಲ್ಲಿ ಇಳಿಯಲಿ. ದುಡ್ಡು ಉಳಿಸಲು ಮಾಮೂಲಿ ಕಬ್ಬಿಣ ಹಾಕಿದರೆ ಅದು ತುಕ್ಕು ಹಿಡಿದು ಉಬ್ಬಿ, ಕಂಚನ್ನು ಒಳಗಿನಿಂದಲೇ ಸೀಳುತ್ತೆ. ಪ್ರತಿ ಟೊಳ್ಳಿನ ತೀರಾ ತಗ್ಗಿನ ಜಾಗದಲ್ಲಿ 8–10 ಮಿ.ಮೀ. ತೂತು ಬಿಡಿಸಿ, ಒಳಗೆ ನೀರು ನಿಲ್ಲಬಾರದು. ಮಣ್ಣಿನ ಮೂಲದಿಂದ ಮೇಣದ ಪ್ರತಿ ತೆಗೆದು, ಆಮೇಲೆ ಅದರ ಜಾಗಕ್ಕೆ ಕಂಚು ಎರೆಯುವುದು. ಮೇಣವೂ ಕುಗ್ಗುತ್ತೆ, ಕಂಚೂ ಕುಗ್ಗುತ್ತೆ. ಮಣ್ಣಿನ ಮೂಲವನ್ನು ಸುಮಾರು 3 ಇಂಚು ಎತ್ತರವಾಗಿಯೇ ಮಾಡಿಸಿ.

ಫೈಬರ್ ಹಗುರ, ಅಗ್ಗ. ಆದರೆ ಬಿಸಿಲಿಗೆ ಮೇಲ್ಪದರ ಪುಡಿಯಾಗಿ ಕಂಚಿನ ಬಣ್ಣ ಬಿಳಚಿಕೊಳ್ಳುತ್ತೆ, ಆಗಾಗ ಬಣ್ಣ ಹೊಡೆಸುತ್ತಲೇ ಇರಬೇಕು.

ದುರ್ಗದ_ಕಲ್ಲು:
ಸರ್ಕಲ್ ಅಂದಿರಲ್ಲ, ತಡೆ ಇರುವುದೇ ಅಲ್ಲಿ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಹೇಳಿದೆ. ರಸ್ತೆಗೆ ಸೇರದ ಜಾಗ ನೋಡಿ. ಚಿತ್ರದುರ್ಗದ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರವಿದ್ದರೆ, ಅದರ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ಇಲ್ಲ, ಮುಂದಿನ 200 ಮೀಟರ್‌ಗೆ ಅನುಮತಿ ಬೇಕು.

ಫಲಕದಲ್ಲಿ ಆಕೆ ಸತ್ತ ತಾರೀಕು ಕೆತ್ತಿಸಬೇಡಿ. "ಹೈದರಾಲಿಯ ಮುತ್ತಿಗೆಯ ಕಾಲ, 18ನೇ ಶತಮಾನ" ಸಾಕು. ದುರ್ಗ ಬಿದ್ದದ್ದು 1779ರಲ್ಲಿ. ಅದು ಓಬವ್ವನ ಘಟನೆಯ ವರ್ಷವಲ್ಲ, ಎರಡನ್ನೂ ಬೆರೆಸಿಬಿಡುತ್ತಾರೆ. ಇನ್ನು ವೇಷ: ಆಕೆ ಕಾವಲುಗಾರ ಮುದ್ದಹನುಮನ ಹೆಂಡತಿ, ನೀರಿಗೆ ಬಂದವಳು. ರಾಣಿಯ ಕವಚ ತೊಡಿಸಬೇಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ. ಕಿಂಡಿಯ ಬಂಡೆಯನ್ನೂ ಸೇರಿಸಿದರೆ ಕಥೆಗೂ ಸರಿ, ಸೊಂಟಕ್ಕೆ ಆನಿಕೆಯೂ ಸಿಗುತ್ತೆ. ಆನಿಕೆ ಸಿಕ್ಕರೆ ಎರಕದವರ ಅರ್ಧ ತಲೆನೋವು ಹೋದಂತೆ.

ಎರಕದ_ಮನೆ:
ಬಂಡೆಯ ಮಾತು ಒಪ್ಪಿದೆ. ಇನ್ನೊಂದು: ಪ್ರತಿಮೆ ಕೆಡುವುದು ಗಾಳಿಗಿಂತ ನವೆಂಬರ್ 11ರ ಜಯಂತಿಗೆ! ಹಾರ ಹಾಕಲು ಏಣಿಯನ್ನು ತೋಳಿಗೇ ಆನಿಸುತ್ತಾರೆ. ಪೀಠದ ಹಿಂದೆ ಮೆಟ್ಟಿಲು ಕಟ್ಟಿಸಿ. ಹಾಲು, ಕುಂಕುಮ ಬಿದ್ದರೆ ಅಂದೇ ನೀರಿನಲ್ಲಿ ತೊಳೆಯಿರಿ, ವರ್ಷಕ್ಕೊಮ್ಮೆ ಮೇಣ ಸವರಿ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹುಳಿ ಮೇಲಿನ ಬಣ್ಣವನ್ನೇ ಕಿತ್ತು ಹಸಿ ಲೋಹ ಬಿಡಿಸುತ್ತೆ.

ಕಿಂಡಿ_ನೋಟ:
ಒನಕೆಯ ತುದಿಗೆ ನಿಜವಾದ ಕಬ್ಬಿಣದ ಬಳೆಯನ್ನೇ ತೊಡಿಸಬಹುದಾ?

ಎರಕದ_ಮನೆ:
ಬೇಡ. ಕಂಚಿಗೆ ತಾಗಿದ ಕಬ್ಬಿಣ ಮಳೆಯಲ್ಲಿ ಇನ್ನೂ ಬೇಗ ತಿಂದುಹೋಗುತ್ತೆ, ಆ ಕೆಂಪು ನೀರು ಓಬವ್ವನ ಮುಖದ ಮೇಲೇ ಇಳಿಯುತ್ತೆ. ಬಳೆಯನ್ನೂ ಕಂಚಿನಲ್ಲೇ ಎರೆದು ಕಪ್ಪು ಬಣ್ಣ ಹಿಡಿಸಿ.