ಬಿಜಾಪುರ ದಕ್ಷಿಣ ಅನ್ನೋ ಎಂಪಿ ಕ್ಷೇತ್ರ ಎಲ್ಲಿ ಹೋತ್ರಿ? ಮುತ್ಯಾನ ಕಿರ್ದಿ ಒಳಗ ಸಿಕ್ಕೈತಿ

ಮುಳುಗಡಿ ಮಗ:
ನಮಸ್ಕಾರ್ರಿ ಎಲ್ಲಾರಿಗೂ. ನಮ್ಮದು ಮೂಲ ಹಳೇ ಬಾಗಲಕೋಟಿ, ಮನಿ ಆಲಮಟ್ಟಿ ಹಿನ್ನೀರಾಗ ಹೋದ ಮ್ಯಾಲ ನವನಗರಕ್ಕ ಬಂದೇವಿ. ಆವಾಗ ಹೇರಕೊಂಡ ಬಂದಿದ್ದ ಕಬ್ಬಿಣದ ಟ್ರಂಕ್ ಒಂದ ಇಷ್ಟ ವರ್ಷ ಅಟ್ಟದ ಮ್ಯಾಲನ ಬಿದ್ದಿತ್ತು, ಮೊನ್ನೆ ಬಣ್ಣ ಹಚ್ಚಾಕಂತ ಕೆಳಗ ಇಳಿಸಿದ್ರ ಒಳಗ ನಮ್ಮ ಮುತ್ಯಾನ ಅಡತಿ ಅಂಗಡಿ ಕಿರ್ದಿ ಸಿಕ್ತು, ಕೆಂಪ ಅರಿವಿ ಹೊದಿಕಿದು, ಮುಂದಿನ ಹಾಳಿ ಎಲ್ಲಾ ಗೆದ್ದಲ ತಿಂದಾವ ಹಿಂಗಾಗಿ ಇಸ್ವಿ ಯಾವದಂತ ಗೊತ್ತಾಗವಲ್ದು. ನಡುವ ಒಂದ ಕಡೆ ಬರದಾನ: "ಬಿಜಾಪುರ ದಕ್ಷಿಣ ಪಾರ್ಲಿಮೆಂಟ ಇಲೆಕ್ಷನ್ ಬಗ್ಗೆ ಬಂಡಿ ಬಾಡಿಗಿ 2 ರೂ. 8 ಆಣೆ, ಉದ್ರಿ."

ನಾ ಹುಟ್ಟಿದಾಗಿಂದ ಬಾಗಲಕೋಟಿ ಎಂಪಿ, ಬಿಜಾಪುರ ಎಂಪಿ ಅಂತಷ್ಟ ಕೇಳೇನಿ, ಈ "ದಕ್ಷಿಣ" ಯಾವದ್ರಿ? ಯಾರ ಇದ್ರು ಎಂಪಿ? ಮತ್ತ ಇದು ಯಾವ ಇಸ್ವಿದಿರಬಹುದು? ಅಪ್ಪಾರನ್ನ ಕೇಳಿದ್ರ "ನಾ ಇನ್ನಾ ಸಣ್ಣಾಂವ ಇದ್ನಿ, ನಂಗೇನ ಗೊತ್ತ" ಅಂತಾರ.

ಗುಮ್ಮಟನಗರಿ:
ದಕ್ಷಿಣ ಅಂದ್ರ ಬಬಲೇಶ್ವರ ಕಡೆ ಇರಬೇಕ್ರಿ, ಎಮ್ಮೆಲ್ಲೆ ಕ್ಷೇತ್ರ, ಈಗ ಬೆಳಗಾವಿ ಉತ್ತರ, ಬೆಳಗಾವಿ ದಕ್ಷಿಣ ಇಲ್ಲೇನ ಹಂಗ. ನಿಮ್ಮ ಮುತ್ಯಾ ತಪ್ಪಿ ಪಾರ್ಲಿಮೆಂಟ ಅಂತ ಬರದಿರಬೇಕು.

ನಿವೃತ್ತ ಮಾಸ್ತರ:
ಮುತ್ಯಾ ತಪ್ಪಿಲ್ರೀ. ಅಡತಿ ಮಂದಿ ಬ್ಯಾರೆ ಕಡೆ ಏನರ ತಪ್ಪ್ಯಾರು, ಕಿರ್ದಿ ಒಳಗ ತಪ್ಪೂದಿಲ್ಲ.

ಬಿಜಾಪುರ ದಕ್ಷಿಣ ಅನ್ನೂದು ಖರೇನ ಲೋಕಸಭಾ ಕ್ಷೇತ್ರ ಇತ್ತು. ಮೊದಲನೇ ಚುನಾವಣೆ ಆದಾಗ ನಾವು ಮೈಸೂರಿನಾಗ ಇರಲಿಲ್ಲ, ಮುಂಬೈ ರಾಜ್ಯದಾಗ ಇದ್ದೆವು, 1956ರ ನವೆಂಬರ್ 1ರ ತನಕ. ಆಗ ನಮ್ಮ ಜಿಲ್ಲಾಗಳನ್ನ ಉತ್ತರ-ದಕ್ಷಿಣ ಅಂತ ಎರಡ ಪಾಲ ಮಾಡಿದ್ರು, ಬೆಳಗಾವಿ ಉತ್ತರ ಬೆಳಗಾವಿ ದಕ್ಷಿಣ, ಬಿಜಾಪುರ ಉತ್ತರ ಬಿಜಾಪುರ ದಕ್ಷಿಣ, ಧಾರವಾಡನೂ ಹಂಗ. ಬಾಗಲಕೋಟಿ ಆಗ ಬರೇ ತಾಲೂಕು, ಜಿಲ್ಲಾ ಆಗಿದ್ದು 1997ರ ಆಗಸ್ಟ್ 15ಕ್ಕ, ಹಿಂಗಾಗಿ ಬಾಗಲಕೋಟಿ ಕಡೆ ಸೀಟಿಗೂ ಹೆಸರು ಬಿಜಾಪುರದ್ದ. ಜಮಖಂಡಿ, ಮುಧೋಳ ಅಂತೂ 1948ರ ತನಕ ರಾಜರ ಸಂಸ್ಥಾನ, ಆಮ್ಯಾಲ ಮುಂಬೈದಾಗ ಕೂಡಿದವು.

1952ರಾಗ ಬಿಜಾಪುರ ದಕ್ಷಿಣದಿಂದ ಗೆದ್ದವರು ಕಾಂಗ್ರೆಸ್ಸಿನ ರಾಮಪ್ಪ ಬಾಳಪ್ಪ ಬಿದರಿ, 1957ರಾಗನೂ ಅವರ. 1962ಕ್ಕ ಸಂಗನಗೌಡ ಬಸನಗೌಡ ಪಾಟೀಲರು ಬಂದ್ರು. ಉತ್ತರದಾಗ ಮೊದಲು ರಾಜಾರಾಮ ಗಿರಿಧರಲಾಲ ದುಬೆ, 1957ರಾಗ ಮುರಿಗೆಪ್ಪ ಸುಗಂಧಿ ಅಂತ ಪಕ್ಷೇತರರು ಗೆದ್ದು ಕಾಂಗ್ರೆಸ್ಸಿಗೆ ಶಾಕ್ ಕೊಟ್ಟರು, 1962ಕ್ಕ ತಿರಗಾ ದುಬೆ.

ಎಲ್ಲಿ ಹೋತು ಅಂದ್ರ ಎಲ್ಲೂ ಹೋಗಿಲ್ಲ. 1967ರ ಚುನಾವಣೆಗೆ ಕ್ಷೇತ್ರ ಹೊಸದಾಗಿ ಹಂಚಿದಾಗ ಉತ್ತರಕ್ಕ ಬರೇ "ಬಿಜಾಪುರ" ಅಂದ್ರು, ದಕ್ಷಿಣಕ್ಕ "ಬಾಗಲಕೋಟ" ಅಂದ್ರು. ಎಸ್.ಬಿ. ಪಾಟೀಲರು 62ರಾಗ ಬಿಜಾಪುರ ದಕ್ಷಿಣದ ಎಂಪಿ, 67, 71, 77ರಾಗ ಬಾಗಲಕೋಟಿ ಎಂಪಿ, ಮನಷ್ಯಾ ಅವರ, ಬೋರ್ಡ್ ಅಷ್ಟ ಬ್ಯಾರೆ. ಆದ್ರ ಗಡಿ ಅಷ್ಟಕ್ಕಷ್ಟ ಹಂಗ ಉಳದೈತಿ ಅಂತ ತಿಳೀಬ್ಯಾಡ್ರಿ, ಈಗ ಗದಗ ಜಿಲ್ಲಾದ ನರಗುಂದನೂ ಬಾಗಲಕೋಟಿ ಎಂಪಿ ಕ್ಷೇತ್ರದಾಗ ಬರ್ತೈತಿ.

ಮುಂದಿಂದು ನೀವು ಕೇಳಿಲ್ಲ, ಆದ್ರೂ ಹೇಳಬೇಕನಿಸ್ತದ. ಇದು ಹೊರಗಿನ ದೊಡ್ಡ ಮಂದಿಗೆ ಒಮ್ಮೆ ಕೈ ಹಿಡದದ್ದು, ಒಮ್ಮೆ ಕೈ ಕೊಟ್ಟದ್ದು. ವೀರೇಂದ್ರ ಪಾಟೀಲರು 1978ರಾಗ ಚಿಕ್ಕಮಗಳೂರಾಗ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು, 1980ರಾಗ ಅವರದ ಕಾಂಗ್ರೆಸ್ಸಿನಿಂದ ಬಾಗಲಕೋಟಿಗೆ ಬಂದು ಗೆದ್ದರು! 1991ರಾಗ ರಾಮಕೃಷ್ಣ ಹೆಗಡೆಯವರು ಬಂದ್ರು, ಮುಖ್ಯಮಂತ್ರಿ ಆಗಿದ್ದವರು, ದೇಶಕ್ಕೆಲ್ಲಾ ಗೊತ್ತಿದ್ದ ಹೆಸರು, ಅವರನ್ನ ಸೋಲಿಸಿದ್ದು ಸಿದ್ದು ನ್ಯಾಮಗೌಡ. ಸರಕಾರದ ದಾರಿ ನೋಡದ ರೈತರನ್ನ ಕೂಡಿಸಿ, ಮನಿಮನಿಯಿಂದ ರೊಕ್ಕಾ ಎತ್ತಿ ಕೃಷ್ಣಾ ನದಿಗೆ ಚಿಕ್ಕಪಡಸಲಗಿ ಬ್ಯಾರೇಜ್ ಕಟ್ಟಿಸಿದಾಂವ, ಮಂದಿ ಬ್ಯಾರೇಜ್ ಸಿದ್ದು ಅಂತನ ಕರೀತಿದ್ರು. ಹೊಲಕ್ಕ ನೀರ ತಂದಾಂವ ಒಂದ ಕಡೆ, ಟೀವಿ-ಪೇಪರಿನಾಗ ಇರಾಂವ ಒಂದ ಕಡೆ ಅಂದ್ರ ನಮ್ಮ ಮಂದಿ ಯಾರಿಗಿ ಒತ್ತ್ಯಾರು ನೀವ ಹೇಳ್ರಿ. 2004ರಿಂದ ಗದ್ದಿಗೌಡರ, ಅದು ನಿಮಗೂ ಗೊತ್ತೈತಿ.

ಗುಮ್ಮಟನಗರಿ:
ತಪ್ಪಾತ್ರಿ ಮಾಸ್ತರ, ಒಪ್ಪಕೊಂಡೆ. ಆದ್ರ ನಮ್ಮ ಊರಿನ ಹೆಸರು 2014ರಾಗ ವಿಜಯಪುರ ಆದ್ರೂ ಎಂಪಿ ಕ್ಷೇತ್ರ ಇನ್ನೂ ಬಿಜಾಪುರ ಅಂತನ ಐತಲ್ರಿ, ಅದ್ಯಾಕ?

ನಿವೃತ್ತ ಮಾಸ್ತರ:
ಊರಿನ ಹೆಸರು ಬದಲಾದ್ರ ಕ್ಷೇತ್ರದ ಹೆಸರು ತಾನ ಬದಲಾಗೂದಿಲ್ಲ ತಮ್ಮಾ, ಕ್ಷೇತ್ರ ಹಂಚೋ ಆದೇಶದಾಗ ಯಾವ ಹೆಸರ ಐತಿ ಅದ ನಡೀತೈತಿ. ಈಗಿಂದು 2008ರ ಆದೇಶ. ಅದ ಆದೇಶದಾಗ ನಿಮ್ಮ ಬಿಜಾಪುರ ಪರಿಶಿಷ್ಟ ಜಾತಿಗೆ ಮೀಸಲಾತು, ಚಿಕ್ಕೋಡಿ ಸಾಮಾನ್ಯ ಆತು. ಚಿಕ್ಕೋಡಿಯಿಂದ 1998, 99, 2004 ಮೂರ ಸಲ ಗೆದ್ದಿದ್ದ ರಮೇಶ ಜಿಗಜಿಣಗಿ 2009ರಾಗ ಬಿಜಾಪುರಕ್ಕ ಬಂದ್ರು, ಇನ್ನೂ ಅಲ್ಲೇ ಅದಾರ.

ಕುಂದಾ ಪ್ರೇಮಿ:
ಬೆಳಗಾವಿ ಹೆಸರ ಬಂತಂದ ಮ್ಯಾಲ ನಾ ಸುಮ್ಮ ಕುಂಡ್ರೂದಿಲ್ಲ. ನಮ್ಮಲ್ಲಿ 1952ರಾಗ ಉತ್ತರಕ್ಕ ಬಳವಂತ ನಾಗೇಶ ದಾತಾರ, ದಕ್ಷಿಣಕ್ಕ ಶಂಕರಗೌಡ ವೀರನಗೌಡ ಪಾಟೀಲ. ದಾತಾರರು ನೆಹರೂ ಕಾಲದಾಗ ದಿಲ್ಲಿ ಗೃಹ ಖಾತೆಯೊಳಗ ಮಂತ್ರಿ ಇದ್ದವರು. ನಮ್ಮ ಉತ್ತರ-ದಕ್ಷಿಣ ನಿಮಗಿಂತ ಲಗೂನ ಮುಗೀತು, 1957ಕ್ಕನ ಬೆಳಗಾವಿ ಒಂದು, ಚಿಕ್ಕೋಡಿ ಒಂದು ಆತು. ಚಿಕ್ಕೋಡಿಯಿಂದ ಆ ಸಲ ಗೆದ್ದದ್ದು ದತ್ತಾ ಅಪ್ಪಾ ಕಟ್ಟಿ, ಅಂಬೇಡ್ಕರರು ಕಟ್ಟಿದ ಪರಿಶಿಷ್ಟ ಜಾತಿಗಳ ಫೆಡರೇಶನ್ನಿಂದ. ಇದನ್ನ ಚಿಕ್ಕೋಡಿ ಮಂದಿಗೇ ಕೇಳಿದ್ರ ಗೊತ್ತಿಲ್ಲ ಅಂತಾರ, ಅವರಿಗೆ ಶಂಕರಾನಂದ ಅಷ್ಟ ನೆನಪು, 1967ರಿಂದ 91ರ ತನಕ ಏಳ ಸಲ ಬಿಡಲಾರದ ಗೆದ್ದರಲ್ಲ, ಅವರ ಮುಂದ ಹಿಂದಿನವರೆಲ್ಲಾ ಮರತ ಹೋದ್ರು.

ಇನ್ನ 1996ರ ಬೆಳಗಾವಿ ಯಾರರ ನೆನಪಿದ್ರ ಹೇಳ್ರಿ, ಒಂದ ಸೀಟಿಗೆ 456 ಮಂದಿ ನಿಂತಿದ್ರು!! ಬ್ಯಾಲೆಟ್ ಪೇಪರ್ ಅಲ್ಲ ಅದು, ಪುಸ್ತಕ. ಗೆದ್ದದ್ದು ಜನತಾ ದಳದ ಶಿವಾನಂದ ಕೌಜಲಗಿ. ಮತ್ತ ಈಗ ನೋಡ್ರಿ, ನಮ್ಮ ಜಿಲ್ಲಾದ ಖಾನಾಪುರ, ಕಿತ್ತೂರು ಮಂದಿ ಓಟ್ ಹಾಕೂದು ಉತ್ತರ ಕನ್ನಡ ಎಂಪಿಗೆ. ಕಾರವಾರ ಎಲ್ಲಿ ಕಿತ್ತೂರ ಎಲ್ಲಿ.

ಹುನಗುಂದದ ಅಕ್ಕ:
ನಮ್ಮ ಆಯಿ ಆ ಮೊದಲನೇ ಇಲೆಕ್ಷನ್ ಸುದ್ದಿ ಬಾಳ ಸಲ ಹೇಳತಿದ್ಳು, ಅದ ಬಿಜಾಪುರ ದಕ್ಷಿಣ ಅಂತ ಇವತ್ತ ಗೊತ್ತಾತು ನೋಡ್ರಿ. ಆಗ ಈಗಿನಂಗ ಒಂದ ಹಾಳಿ ಮ್ಯಾಲ ಎಲ್ಲಾರ ಹೆಸರಿರ್ತಿರಲಿಲ್ಲ, ನಿಂತವರಿಗೆಲ್ಲಾ ಒಂದೊಂದ ಡಬ್ಬಿ, ಡಬ್ಬಿಗೆ ಅವರವರ ಚಿತ್ರ ಅಂಟಿಸಿರೋರು, ಚೀಟಿಗೆ ಏನೂ ಗುರುತ ಹಾಕಲಾರದ ಬೇಕಾದ ಡಬ್ಬಿಯೊಳಗ ಹಾಕಿ ಬರೂದು. ಆಯಿ ಒಳಗ ಹೋಗಿ ನೋಡಿದ್ರ ಒಂದ ಡಬ್ಬಿ ಮ್ಯಾಲ ಜೋಡೆತ್ತು, ಕಾಂಗ್ರೆಸ್ಸಿನ ಚಿತ್ರ ಆಗ ಅದ ಇತ್ತು, ಬಸವಣ್ಣ ಅಂತ ಕೈ ಮುಗದು, ಸೆರಗ ಹೊದ್ದು, ಅದರಾಗ ಹಾಕಿ ಬಂದ್ಳಂತ. ಯಾರ ನಿಂತಾರ ಏನ್ ಕತಿ ಒಂದೂ ಗೊತ್ತಿಲ್ಲ. ಹೊರಗ ಗಂಡನ ಹೆಸರ ಕೇಳಿದ್ರಂತ, ಗಂಡನ ಹೆಸರ ಬಾಯಿಲೆ ಹೆಂಗ ಹೇಳೂದು, ಹಿಂದ ನಿಂತಿದ್ದ ನೆಗೆಣ್ಣಿ ಕಡೆ ಹೇಳ್ಸಿದ್ಳಂತ 😄

ಮುಳುಗಡಿ ಮಗ:
ಅಕ್ಕಾರ ಬಾಳ ಛಲೋ ಹೇಳಿದ್ರಿ. ಮಾಸ್ತರ ನಿಮಗ ದೊಡ್ಡ ನಮಸ್ಕಾರ. ಅಂದ್ರ 52, 57, 62 ಮೂರರಾಗ ಒಂದು. ಯಾವದಂತ ಹೆಂಗ ಹಿಡಿಯೂದ್ರಿ?

ನಿವೃತ್ತ ಮಾಸ್ತರ:
ಆಣೆ ಲೆಕ್ಕ ಬರದಾನಂದ್ರ 62 ಬಿಡ್ರಿ, ಹೊಸ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕ. 52 ಇಲ್ಲಾ 57. ಅದರ ಹಿಂದ ಮುಂದ ಏನ ಬರದಾನ ನೋಡ್ರಿ, ತಿಥಿ, ಹಬ್ಬ, ಏನರ.

ಮುಳುಗಡಿ ಮಗ:
ನೋಡಿದ್ನಿರಿ. ತಿಥಿ ಇದ್ದ ಕಡೆ ಮಸಿ ಹರದೈತಿ, ಓದಾಕ ಬರವಲ್ದು. ಅದರ ಕೆಳಗ ಮೂರನೇ ಸಾಲಿಗೆ "ಸಂಕ್ರಮಣಕ್ಕ ಎಳ್ಳು, ಬೆಲ್ಲ, ಕುಸುರೆಳ್ಳು, ಸಜ್ಜಿ" ಅಂತ ಖರ್ಚು ಹಾಕ್ಯಾನ.

ನಿವೃತ್ತ ಮಾಸ್ತರ:
ಮುಗೀತಲ್ರೀ! 1957ರ ಮತದಾನ ಶುರು ಆಗಿದ್ದ ಫೆಬ್ರವರಿ 24ಕ್ಕ, ಸಂಕ್ರಮಣ ಮುಗದು ತಿಂಗಳ ಮ್ಯಾಲಾಗಿತ್ತು. ಮೊದಲನೇ ಚುನಾವಣೆ 1951ರ ಅಕ್ಟೋಬರದಿಂದ 1952ರ ಫೆಬ್ರವರಿ ತನಕ ನಡೀತು, ಸಂಕ್ರಮಣ ಅದರ ನಡುವ ಬರ್ತೈತಿ. ನಿಮ್ಮ ಮುತ್ಯಾನ ಬಂಡಿ ದೇಶದ ಮೊದಲನೇ ಇಲೆಕ್ಷನ್ನಿಗೆ ಹೋಗೈತಿ. ಆ ವಹಿ ತಿರಗಾ ಅಟ್ಟಕ್ಕ ಒಗೀಬ್ಯಾಡ್ರಿ, ಒಣಗಿದ ಬೇವಿನ ಎಲಿ ಹಾಕಿ ಅರಿವ್ಯಾಗ ಸುತ್ತಿ ಇಡ್ರಿ.

ಮುಳುಗಡಿ ಮಗ:
ಆಗ್ಲಿರಿ ಮಾಸ್ತರ. ಅಪ್ಪಾರಿಗೆ ಓದಿ ಹೇಳಿದ್ನಿ, ಎಲ್ಲಾ ಕೇಳಿ ಒಂದ ಮಾತ ಕೇಳಿದ್ರು, "ಆ ಉದ್ರಿ ಜಮಾ ಆಗೈತೇನು?" ಉಳದ ಹಾಳಿ ಎಲ್ಲಾ ತಿರುವಿ ಹಾಕಿದ್ನಿ. 2 ರೂಪಾಯಿ 8 ಆಣೆ ಇನ್ನೂ ಬರೂದೈತ್ರಿ.