ಕ್ಷುದ್ರಗ್ರಹ ಅಂದ್ರೆ ಗಟ್ಟಿ ಬಂಡೆಯಾ, ಜಲ್ಲಿ ರಾಶಿಯಾ?

ಪ್ರಶ್ನೆ: ಮೇಡಂ, ನೀವು ದೂರದರ್ಶಕದಲ್ಲಿ ಕ್ಷುದ್ರಗ್ರಹಗಳನ್ನು ನೋಡುವ ಕೆಲಸದಲ್ಲಿದ್ದೀರಿ ಅಂತ ಈ ಗುಂಪಿನಲ್ಲೇ ಓದಿದೆ. ನನ್ನ ಮಗಳು "ಕಲ್ಲಾದರೆ ಕ್ಷುದ್ರಗ್ರಹ, ಮಂಜುಗಡ್ಡೆಯಾದರೆ ಧೂಮಕೇತು" ಅಂತ ಬಾಯಿಪಾಠ ಮಾಡಿದ್ದಾಳೆ. ವ್ಯತ್ಯಾಸ ಇಷ್ಟೇನಾ?

ಉತ್ತರ: ಪರೀಕ್ಷೆಗೆ ಇಷ್ಟು ಸಾಕು, ಮಾರ್ಕ್ಸ್ ಸಿಗುತ್ತದೆ. ಆಕಾಶದಲ್ಲಿ ಮಾತ್ರ ಲೆಕ್ಕ ಇಷ್ಟು ಸಲೀಸಾಗಿಲ್ಲ.

ಸೂರ್ಯನಿಗೆ ಹತ್ತಿರ ಹುಟ್ಟಿದ ಕಾಯಗಳಲ್ಲಿ ಕಲ್ಲು, ಲೋಹ ಜಾಸ್ತಿ. ದೂರದ ಚಳಿಯಲ್ಲಿ ಹುಟ್ಟಿದವುಗಳಿಗೆ ಮಂಜುಗಡ್ಡೆಯೂ ಸೇರಿಕೊಂಡಿತು. ಆದರೆ ಧೂಮಕೇತು ಅನ್ನುವುದು ನಡತೆ ನೋಡಿ ಇಟ್ಟ ಹೆಸರು. ಬಿಸಿಲು ತಗುಲಿ ಮಂಜು ಆವಿಯಾಗಬೇಕು, ಅದರ ಜೊತೆ ದೂಳು ಹಾರಬೇಕು, ಬಾಲ ಕಾಣಬೇಕು. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ 1979ರಲ್ಲಿ ಒಂದು ಕಾಯ ಸಿಕ್ಕಿತು. ಕ್ಷುದ್ರಗ್ರಹ ಅಂತಲೇ ಬರೆದುಕೊಂಡರು. 1996ರಲ್ಲಿ ನೋಡಿದರೆ ಅದಕ್ಕೆ ಬಾಲ! ಎಲ್ಸ್ಟ್-ಪಿಸಾರೊ ಅಂತ ಅದರ ಹೆಸರು. ಈಗ ಕ್ಷುದ್ರಗ್ರಹ, ಧೂಮಕೇತು ಎರಡರ ಲೆಕ್ಕದಲ್ಲೂ ಇದೆ. ಇನ್ನು ಫೇಥಾನ್ ಅನ್ನುವುದು ಕಲ್ಲಿನದೇ ಕ್ಷುದ್ರಗ್ರಹ, ಆದರೆ ಪ್ರತಿ ಡಿಸೆಂಬರ್‌ನಲ್ಲಿ ಬೀಳುವ ಜೆಮಿನಿಡ್ ಉಲ್ಕೆಗಳು, ಧೂಮಕೇತುವಿನದರ ಹಾಗೆ, ಅದರಿಂದ ಉದುರಿದ ಪುಡಿ.

ಇನ್ನೊಬ್ಬರು: ಸಿನಿಮಾದಲ್ಲಿ ತೋರಿಸುವ ಹಾಗೆ ಆ ಪಟ್ಟಿಯಲ್ಲಿ ನೌಕೆ ಬಂಡೆಗಳ ಸಂದಿಯಲ್ಲಿ ನುಸುಳಿಕೊಂಡು ಹೋಗಬೇಕಾ?

ಉತ್ತರ: ಅದೆಲ್ಲ ಸುಮ್ನೆ. ಪಟ್ಟಿಯಲ್ಲಿರುವುದನ್ನೆಲ್ಲ ಗುಡ್ಡೆ ಹಾಕಿದರೂ ನಮ್ಮ ಚಂದ್ರನ ತೂಕದ 3 ಪರ್ಸೆಂಟ್ ಆದರೆ ಹೆಚ್ಚು. ಅದರಲ್ಲೂ ಮೂರನೇ ಒಂದು ಭಾಗ ಅಲ್ಲಿನ ಅತಿ ದೊಡ್ಡ ಕಾಯ ಸಿರಿಸ್ ಒಂದೇ. ಉಳಿದದ್ದು ಎಷ್ಟು ಜಾಗದಲ್ಲಿ ಚೆಲ್ಲಿದೆ ಅಂದರೆ, ಅಲ್ಲಿ ನಿಂತು ಸುತ್ತ ನೋಡಿದರೆ ಬರೀ ಕತ್ತಲೆ.

ಪ್ರಶ್ನೆ: ಸರಿ, ಆದರೆ ಅವು ಒಂದೊಂದೂ ಗಟ್ಟಿ ಬಂಡೆ ತಾನೇ?

ಉತ್ತರ: ಇದು ನನಗೆ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ದೂರದರ್ಶಕದಲ್ಲಿ ನಮಗೆ ಕಾಣುವುದು ಒಂದು ಚುಕ್ಕಿ ಅಷ್ಟೇ. ಕೆಲವು ನಿಮಿಷಕ್ಕೊಂದು ಫೋಟೋ ತೆಗೆದು, ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಬೆಳಕನ್ನು ಅಳೆಯುತ್ತೇವೆ. ಉದ್ದನೆಯ ಕಲ್ಲು ತಿರುಗುವಾಗ ಅಗಲದ ಮೈ ಕಂಡರೆ ಬೆಳಕು ಏರುತ್ತದೆ, ತುದಿ ಕಂಡರೆ ಇಳಿಯುತ್ತದೆ. ಗ್ರಾಫ್‌ನಲ್ಲಿ ಒಂದು ಸುತ್ತಿಗೆ ಎರಡು ಡುಬ್ಬ. ಹೊಸದರಲ್ಲಿ ನಾನು ಒಂದು ಡುಬ್ಬಕ್ಕೇ ಒಂದು ಸುತ್ತು ಮುಗಿಯಿತು ಅಂದುಕೊಂಡು, ಒಂದರ ಅವಧಿಯನ್ನು ಸರಿಯಾಗಿ ಅರ್ಧ ಮಾಡಿ ಕೊಟ್ಟಿದ್ದೆ!

ಹೀಗೆ ಸಾವಿರಾರು ಕಾಯಗಳನ್ನು ಅಳೆದ ಮೇಲೆ ಒಂದು ವಿಚಿತ್ರ ಕಂಡಿತು. ಸುಮಾರು 200 ಮೀಟರ್‌ಗಿಂತ ದೊಡ್ಡವು 2.2 ಗಂಟೆಗಿಂತ ಬೇಗ ಒಂದು ಸುತ್ತು ತಿರುಗುವುದು ತೀರಾ ಅಪರೂಪ. ಚಿಕ್ಕವು ನಿಮಿಷಗಳಲ್ಲೇ ಗಿರಗಿರ ತಿರುಗುತ್ತವೆ. ಯಾಕೆ ಹೀಗೆ? ದೊಡ್ಡವುಗಳಲ್ಲಿ ಹೆಚ್ಚಿನವು ಒಂದೇ ಕಲ್ಲಲ್ಲ, ಹಿಂದೆ ಡಿಕ್ಕಿಯಾಗಿ ಒಡೆದ ಚೂರುಗಳು ಮತ್ತೆ ಕೂಡಿಕೊಂಡ ಜಲ್ಲಿ ರಾಶಿ. ಹಿಡಿದಿಟ್ಟಿರುವುದು ಅದರದೇ ಚೂರುಪಾರು ಗುರುತ್ವ. ಅದಕ್ಕಿಂತ ಜೋರಾಗಿ ತಿರುಗಿದರೆ ಹೊಟ್ಟೆಯ ಸುತ್ತಲಿನ ಕಲ್ಲುಗಳು ಹಾರಿ ಹೋಗುತ್ತವೆ.

2020ರ ಅಕ್ಟೋಬರ್‌ನಲ್ಲಿ ಇದನ್ನು ಮುಟ್ಟಿಯೇ ನೋಡಿದ್ದಾಯಿತು. ಸುಮಾರು 490 ಮೀಟರ್ ಅಗಲದ ಬೆನ್ನು ಅನ್ನುವ ಕ್ಷುದ್ರಗ್ರಹದ ಮೇಲೆ ಕಲ್ಲುಪುಡಿ ತೆಗೆಯಲು ಒಸೈರಿಸ್-ರೆಕ್ಸ್ ನೌಕೆ ಕೈ ಚಾಚಿತು. (ನಮ್ಮ ಬೆನ್ನಲ್ಲ, ಈಜಿಪ್ಟಿನ ಪುರಾಣದ ಹಕ್ಕಿಯ ಹೆಸರು.) ಕೈ ತಡೆಯೇ ಇಲ್ಲದೆ ಅರ್ಧ ಮೀಟರ್‌ನಷ್ಟು ಒಳಗೆ ಇಳಿಯಿತು. ಎಷ್ಟು ತುಂಬಿಕೊಂಡಿತ್ತೆಂದರೆ, ಕಲ್ಲು ಸಿಕ್ಕಿಕೊಂಡು ಮುಚ್ಚಳ ಪೂರ್ತಿ ಮುಚ್ಚಲಿಲ್ಲ, ಪುಡಿ ಆಚೆ ಸೋರುತ್ತಿತ್ತು. ಕೊನೆಗೆ 2023ರಲ್ಲಿ ಭೂಮಿಗೆ ತಲುಪಿದ್ದು 121.6 ಗ್ರಾಂ.

ಇನ್ನೊಬ್ಬರು: ಹಾಗಾದರೆ ಭೂಮಿ ಕಡೆ ಬರುವುದನ್ನು ಗುದ್ದಿ ದಾರಿ ತಪ್ಪಿಸುತ್ತೇವೆ ಅನ್ನುವುದು ಮರಳಿನ ಮೂಟೆಗೆ ಗುದ್ದಿದ ಹಾಗೆ ಆಗಲ್ವಾ?

ಉತ್ತರ: ಒಳ್ಳೆಯ ಅನುಮಾನ. 2022ರ ಸೆಪ್ಟೆಂಬರ್‌ನಲ್ಲಿ ಡಾರ್ಟ್ ನೌಕೆಯನ್ನು ಡೈಮಾರ್ಫಸ್‌ಗೆ ಗುದ್ದಿಸಿ ನೋಡಿದರು. ಅದು ಇನ್ನೊಂದು ಕ್ಷುದ್ರಗ್ರಹವನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿತ್ತು. ಗುದ್ದಿದ ಮೇಲೆ ಆ ಸಮಯ ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿಯೇ ಕಡಿಮೆಯಾಯಿತು. ಸಡಿಲ ಕಲ್ಲುಮಣ್ಣು ಹಿಂದಕ್ಕೆ ಚಿಮ್ಮಿದ್ದೇ ಲಾಭವಾಯಿತು. ಚಿಮ್ಮಿದ ಒದೆತವೂ ನೌಕೆಯ ಗುದ್ದಿಗೆ ಸೇರಿಕೊಂಡಿತು.

ಪ್ರಶ್ನೆ: ಮಗಳ ಕೊನೇ ಪ್ರಶ್ನೆ ಮೇಡಂ. ಅದರ ಮೇಲೆ ನಿಂತು ಜಿಗಿದರೆ?

ಉತ್ತರ: ಬೆನ್ನು ಮೇಲೆ ಜಿಗಿದರೆ ವಾಪಸ್ ಬರುವುದೇ ಇಲ್ಲ ಪುಟ್ಟಿ! ಕೆಲವು ಕಿಲೋಮೀಟರ್ ಉದ್ದದ ಧೂಮಕೇತು 67ಪಿ ಮೇಲೆ 2014ರಲ್ಲಿ ಫಿಲೆ ಅನ್ನುವ ಯಂತ್ರ ಇಳಿಯಿತು. ನೆಲ ಹಿಡಿಯಬೇಕಾದ ಕೊಕ್ಕೆಗಳು ಹಾರಲಿಲ್ಲ. ಪುಟಿದು ಮೇಲೆ ಹೋದದ್ದು ಮತ್ತೆ ನೆಲ ಮುಟ್ಟಲು ಎರಡು ಗಂಟೆ ಹತ್ತಿರ ಹತ್ತಿರ ಹಿಡಿಯಿತು. ಕೊನೆಗೆ ಒಂದು ಬಂಡೆಯ ನೆರಳಿನಲ್ಲಿ ಹೋಗಿ ಸಿಕ್ಕಿಕೊಂಡಿತು. ಅದು ಎಲ್ಲಿದೆ ಅಂತ ಫೋಟೋದಲ್ಲಿ ಸರಿಯಾಗಿ ಕಂಡದ್ದು 2016ರಲ್ಲಿ.